ನೂರು ಜನರ ಹಡಗು

‘ದೇಶ ಸುತ್ತು, ಕೋಶ ಓದು’ ಎಂದರು ನಮ್ಮ ಹಿರಿಯರು. ಆದರೆ ದೇಶವನ್ನು ಎಷ್ಟು ಜನ ಒಟ್ಟಾಗಿ ಸುತ್ತಬೇಕೆಂಬುದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯ ಆಗ ಇರಲೂ ಇಲ್ಲ. ಬುತ್ತಿ ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಕಾಶಿಗೆ ಹೊರಟವರಿಗೆ ಜೊತೆಗೊಬ್ಬ ಸಿಕ್ಕಿದರೆ ಅದೇ ಪುಣ್ಯ. ಇಂದಿನ ಮಾತು ಬೇರೆ. ಒಂದು ಊರಿನ ಜನವನ್ನೆಲ್ಲ ತುಂಬಿಕೊಂಡು ಹೋಗಬಲ್ಲ ಪ್ರವಾಸಿ ಹಡಗುಗಳು ಇಂದು ಸಮುದ್ರದ ಮೇಲೆ ಓಡಾಡುತ್ತಿವೆ. ಆದ್ದರಿಂದ ‘ಎಲ್ಲಿಗೆ ಹೋಗಬೇಕು?’ ಎಂಬ ಪ್ರಶ್ನೆಯ ಬೆನ್ನಿಗೇ ‘ಎಷ್ಟು ಜನರೊಡನೆ ಹೋಗಬೇಕು?’ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಈ ಎರಡನೆಯ ಪ್ರಶ್ನೆ ಎಷ್ಟು ಮುಖ್ಯವೆಂಬುದನ್ನು ತೋರಿಸಲು ದಕ್ಷಿಣ ಧ್ರುವದ ಹಿಮಖಂಡವಾದ ಅಂಟಾರ್ಕ್ಟಿಕಾಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ಸರ್ಕಾರಿ ಕಲಾ ಕಾಲೇಜಿನ ವಿದ್ಯಾರ್ಥಿಗೆ ಅಂಟಾರ್ಕ್ಟಿಕಾದ ಗೊಡವೆ ಏಕೆ ಎಂದು ವಾಚಕರು ನಕ್ಕರೆ ಅದು ತಪ್ಪಲ್ಲ. ಹಾಸ್ಟೆಲಿನ ಊಟದ ಬಾಕಿಯನ್ನೇ ತೀರಿಸಲಾಗದವನು ಹಿಮಗಡ್ಡೆಯ ಮಾತಾಡುವುದು ವಿಚಿತ್ರವೇ ಸರಿ. ಅದಕ್ಕೆ ಕಾರಣ ನನ್ನ ಸೋದರಮಾವ. ಅವರು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಭೂಗೋಳ ಪಾಠ ಹೇಳಿ ನಿವೃತ್ತರಾದವರು. ಗೋಡೆಯ ಭೂಪಟದ ತೀರ ಕೆಳಗೆ ಬಿಳಿಯ ಪಟ್ಟಿಯಂತೆ ಕಾಣುವ ಆ ಖಂಡವನ್ನು ಬೆತ್ತದ ತುದಿಯಿಂದ ತೋರಿಸಿ, ಮುಂದಿನ ಪಾಠಕ್ಕೆ ಹೋದದ್ದೇ ಅವರ ಜೀವಮಾನದ ಕೊರಗು. ಮಕ್ಕಳಿಲ್ಲದ ಅವರು, ಮಾವಿ ತೀರಿಕೊಂಡ ಮೇಲೆ, ನಿವೃತ್ತಿಯ ಹಣದಲ್ಲಿ ದೊಡ್ಡದೊಂದು ಪಾಲನ್ನು ಆ ನೆಲವನ್ನು ನೋಡುವುದಕ್ಕೆಂದೇ ತೆಗೆದಿಟ್ಟರು. ಹಡಗಿನ ಕಂಪನಿಗಳ ಬಣ್ಣಬಣ್ಣದ ಪತ್ರಿಕೆಗಳನ್ನು ನನ್ನ ಮುಂದೆ ರಾಶಿ ಹಾಕಿ, “ನೀನೂ ಭೂಗೋಳ ಓದುತ್ತಿದ್ದೀಯಲ್ಲ, ಯಾವುದು ಒಳ್ಳೆಯದೋ ನೋಡಿ ಹೇಳಪ್ಪ” ಎಂದರು. ಒಬ್ಬ ಉಪಾಧ್ಯಾಯರ ಜೀವಮಾನದ ಉಳಿತಾಯದ ಮಾತು. ಬಾಯಿಗೆ ಬಂದದ್ದನ್ನು ಹೇಳುವಂತಿರಲಿಲ್ಲ. ಎರಡು ತಿಂಗಳು ಓದಿದೆ. ಈ ಲೇಖನ ಆ ಓದಿನ ಫಲ.

ಮೊದಲು ಆ ನೆಲದ ವಿಷಯ. ಅಂಟಾರ್ಕ್ಟಿಕಾಕ್ಕೆ ಒಡೆಯನೊಬ್ಬನಿಲ್ಲ. ಅಲ್ಲಿ ಹುಟ್ಟಿ ಬೆಳೆದ ಪ್ರಜೆಗಳಿಲ್ಲ, ಊರುಗಳಿಲ್ಲ. 1959ರ ಡಿಸೆಂಬರ್ 1ರಂದು ಹನ್ನೆರಡು ರಾಷ್ಟ್ರಗಳು ಸಹಿ ಹಾಕಿ, 1961ರಲ್ಲಿ ಜಾರಿಗೆ ಬಂದ ಒಪ್ಪಂದವೊಂದು ಅದನ್ನು ಕಾಯುತ್ತಿದೆ. 1991ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಸಹಿಯಾದ ಪರಿಸರ ಸಂರಕ್ಷಣೆಯ ಕರಾರು ಆ ಖಂಡವನ್ನು ಶಾಂತಿಗೂ ವಿಜ್ಞಾನಕ್ಕೂ ಮೀಸಲಾದ ನೈಸರ್ಗಿಕ ಧಾಮವೆಂದು ಸಾರಿತು; ಅದು 1998ರಿಂದ ಜಾರಿಯಲ್ಲಿದೆ. ನಮ್ಮ ದೇಶವೂ ಇದರಲ್ಲಿ ಹೊರಗಿನದಲ್ಲ. ಭಾರತದ ಮೊದಲನೆಯ ವೈಜ್ಞಾನಿಕ ತಂಡ 1981ರ ಕೊನೆಯಲ್ಲಿ ಗೋವೆಯಿಂದ ಹೊರಟು ಅಲ್ಲಿಗೆ ತಲುಪಿತು. 1983ರಲ್ಲಿ ನಾವು ಒಪ್ಪಂದಕ್ಕೆ ಸೇರಿದೆವು. 1989ರಲ್ಲಿ ಮೈತ್ರಿ, 2012ರಲ್ಲಿ ಭಾರತಿ ಎಂಬ ನೆಲೆಗಳು ಅಲ್ಲಿ ತಲೆಯೆತ್ತಿದವು. 2022ರಲ್ಲಿ ಪಾರ್ಲಿಮೆಂಟು ಅಂಟಾರ್ಕ್ಟಿಕಾಕ್ಕೆಂದೇ ಒಂದು ಕಾಯಿದೆಯನ್ನು ಮಾಡಿತು. ಯಾರಿಗೂ ಸೇರದ ನೆಲ ಎಲ್ಲರಿಗೂ ಸೇರಿದ್ದು ಎಂಬುದು ಸರಿಯಾದರೆ, ಅದರ ಹಿತದಲ್ಲಿ ನಮ್ಮದೂ ಒಂದು ಪಾಲಿದೆ.

ಇಂಥ ನೆಲಕ್ಕೆ ವಿನೋದಯಾತ್ರಿಕರು ಹೋಗಲಾರಂಭಿಸಿ ಅರ್ಧ ಶತಮಾನ ಮೀರಿತು. ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಎಂಬಾತ 1966ರಲ್ಲಿ ಅರ್ಜೆಂಟೀನದ ನೌಕಾಪಡೆಯ ಹಡಗೊಂದನ್ನು ಬಾಡಿಗೆಗೆ ಹಿಡಿದು ಪ್ರವಾಸಿಗಳನ್ನು ಅಲ್ಲಿಗೆ ಕರೆದೊಯ್ದ. 1969ರಲ್ಲಿ ಇಂಥ ಯಾತ್ರೆಗೆಂದೇ ನೂರು ಚಿಲ್ಲರೆ ಜನ ಹಿಡಿಯುವ ಪುಟ್ಟ ಕೆಂಪು ಹಡಗೊಂದನ್ನು ಕಟ್ಟಿಸಿದ. ನೋಡಬಂದವನಿಗೆ ನೆಲದ ವಿಷಯವನ್ನು ತಿಳಿಸಿಯೇ ನೆಲವನ್ನು ತೋರಿಸಬೇಕು, ತಿಳಿದವನು ಹಿಂತಿರುಗಿ ಅದರ ಪರವಾಗಿ ಮಾತಾಡುತ್ತಾನೆ ಎಂಬುದು ಆತನ ನಂಬಿಕೆ. ಸಣ್ಣ ಹಡಗಿನ ಸಾಹಸಯಾತ್ರೆ ಎಂಬ ಕಲ್ಪನೆ ಬೆಳೆದದ್ದು ಹೀಗೆ. 1990ರ ದಶಕದ ಆರಂಭದಲ್ಲಿ ಒಂದು ಬೇಸಗೆಗೆ ಹತ್ತು ಸಾವಿರವನ್ನೂ ಮುಟ್ಟದಿದ್ದ ಯಾತ್ರಿಕರ ಸಂಖ್ಯೆ 2023-24ರ ಬೇಸಗೆಯಲ್ಲಿ 1 ಲಕ್ಷದ 20 ಸಾವಿರವನ್ನು ದಾಟಿತು. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ನೆಲಕ್ಕೆ ಕಾಲಿಡಲೇ ಇಲ್ಲ. ಹಡಗಿನ ಮೇಲಿಂದ ನೋಡಿ ಹಿಂತಿರುಗಿದರು.

ಹೀಗೇಕೆಂದು ತಿಳಿದರೆ ಹಡಗನ್ನು ಆರಿಸುವ ವಿದ್ಯೆಯ ಮುಕ್ಕಾಲು ಪಾಲು ತಿಳಿದಂತೆ. ಒಪ್ಪಂದದ ರಾಷ್ಟ್ರಗಳು 2009ರಲ್ಲಿ ಒಂದು ನಿಯಮವನ್ನು ಒಪ್ಪಿದವು. ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ನೆಲಕ್ಕೆ ಇಳಿಸಕೂಡದು. ಉಳಿದವುಗಳಿಂದಲೂ ಒಂದು ಸ್ಥಳದಲ್ಲಿ ಒಂದು ವೇಳೆಗೆ ನೂರಕ್ಕಿಂತ ಹೆಚ್ಚು ಪ್ರಯಾಣಿಕರು ಇಳಿದಿರಕೂಡದು. ಇಪ್ಪತ್ತು ಜನಕ್ಕೆ ಒಬ್ಬ ಮಾರ್ಗದರ್ಶಕನಾದರೂ ಇರಬೇಕು. ಒಂದು ಸ್ಥಳದಲ್ಲಿ ಒಂದು ಹೊತ್ತಿಗೆ ಒಂದೇ ಹಡಗು. ಅಂಟಾರ್ಕ್ಟಿಕಾ ಯಾತ್ರೆಯ ಕಂಪನಿಗಳು 1991ರಲ್ಲಿ ತಾವೇ ಕಟ್ಟಿಕೊಂಡ ಸಂಘವೂ ತನ್ನ ಸದಸ್ಯರಿಗೆ ಇದೇ ಕಟ್ಟಳೆಯನ್ನು ವಿಧಿಸಿದೆ.

ಇನ್ನು ಲೆಕ್ಕ ಹಾಕೋಣ. ಕಲಾ ವಿದ್ಯಾರ್ಥಿಗೂ ಅರ್ಥವಾಗುವ ಲೆಕ್ಕವಿದು. ಒಂದು ಬೆಳಗ್ಗೆ ಗಾಳಿಯೂ ಮಂಜುಗಡ್ಡೆಯೂ ಕೃಪೆ ತೋರಿ, ದಡದಲ್ಲಿ ನಾಲ್ಕು ಗಂಟೆ ಕಾಲ ಸಿಕ್ಕಿತೆನ್ನಿ. ಹಡಗಿನಲ್ಲಿ ನೂರು ಜನರಿದ್ದರೆ ನೂರು ಜನವೂ ನಾಲ್ಕು ಗಂಟೆ ದಡದಲ್ಲಿರಬಹುದು. ಇನ್ನೂರು ಜನರಿದ್ದರೆ ಎರಡು ಪಂಕ್ತಿ. ತಲಾ ಎರಡು ಗಂಟೆ. ನಾನೂರು ಜನರಿದ್ದರೆ ನಾಲ್ಕು ಪಂಕ್ತಿ. ತಲಾ ಒಂದು ಗಂಟೆ. ಆ ಒಂದು ಗಂಟೆಯಲ್ಲೂ ರಬ್ಬರಿನ ದೋಣಿಗೆ ಹತ್ತಿ ಇಳಿಯುವ ವೇಳೆಯನ್ನು ಕಳೆಯಬೇಕು. ಆ ದೋಣಿಯಲ್ಲಿ ಒಂದು ಸಲಕ್ಕೆ ಹತ್ತು ಹನ್ನೆರಡು ಜನ ಮಾತ್ರ. ಮದುವೆ ಮನೆಯಲ್ಲಿ ನಾಲ್ಕನೆಯ ಪಂಕ್ತಿಗೆ ಕಾದು ಕುಳಿತವನ ಅನುಭವ ಯಾರಿಗಿಲ್ಲ? ಎಲೆಯ ಮುಂದೆ ಕುಳಿತಾಗ ಹಸಿವಿರುತ್ತದೆ, ಬೆನ್ನ ಹಿಂದೆ ಮುಂದಿನ ಪಂಕ್ತಿಯವರೂ ನಿಂತಿರುತ್ತಾರೆ. ಸಾವಿರಾರು ಮೈಲಿ ಹೋಗಿ ಪೆಂಗ್ವಿನ್ನಿನ ಮುಂದೆ ಹಾಗೆ ನಿಲ್ಲಬೇಕಾದೀತು.

ಕಂಪನಿಗಳ ಪತ್ರಿಕೆಗಳಲ್ಲಿ ಈ ಲೆಕ್ಕ ಕಣ್ಣಿಗೆ ಬೀಳುವಂತೆ ಇರುವುದು ಅಪೂರ್ವ. ಅಲ್ಲಿ ಕೋಣೆಯ ಕಿಟಕಿ ಎಷ್ಟು ಅಗಲ, ರಾತ್ರಿಯ ಭೋಜನಕ್ಕೆ ಎಷ್ಟು ಬಗೆ, ಬಿಸಿನೀರಿನ ಕೊಳ ಯಾವ ಅಂತಸ್ತಿನಲ್ಲಿ ಎಂಬ ವರ್ಣನೆ ಪುಟಗಟ್ಟಲೆ. ಪ್ರಯಾಣಿಕರ ಸಂಖ್ಯೆ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ. ಮಾವನಿಗೆ ನಾನು ಹೇಳಿದ ಮೊದಲ ಮಾತೇ ಇದು: “ಮಾವ, ಈ ಪತ್ರಿಕೆಗಳನ್ನು ಉರ್ದು ಪುಸ್ತಕದಂತೆ ಹಿಂದಿನಿಂದ ಓದಿ.”

ಅಂಕಿಯ ಮಾತು ಯಾತ್ರಿಕನ ಸುಖಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಅಲ್ಲಿಯ ಬೇಸಗೆಯೆಂದರೆ ನವೆಂಬರಿನಿಂದ ಮಾರ್ಚಿಯವರೆಗೆ ಐದೇ ತಿಂಗಳು. ಪೆಂಗ್ವಿನ್ನುಗಳು ಕಲ್ಲು ಕೂಡಿಹಾಕಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಯನ್ನು ಸಮುದ್ರಕ್ಕೆ ಕಳುಹಿಸಬೇಕಾದದ್ದೂ ಆ ಐದು ತಿಂಗಳಲ್ಲೇ. ಅವುಗಳ ಬಾಣಂತಿ ಮನೆಯ ಬಾಗಿಲಿಗೇ ನಾವು ಹೋಗುವುದು. ಆದ್ದರಿಂದ ಹಕ್ಕಿಯಿಂದ ಐದು ಮೀಟರ್ ದೂರ ನಿಲ್ಲಬೇಕು. ಹಕ್ಕಿ ತಾನಾಗಿ ದಾರಿಗೆ ಬಂದರೆ ನಾವು ಸರಿದು ದಾರಿ ಬಿಡಬೇಕು. ನೆಲಕ್ಕೆ ಇಳಿಯುವ ಮುನ್ನ ಪಾದರಕ್ಷೆಯನ್ನು ಔಷಧದ ನೀರಿನಲ್ಲಿ ತೊಳೆಯಬೇಕು. ಉಡುಪಿನ ಮಡಿಕೆಗಳಲ್ಲಿ ಬೀಜ ಸಿಕ್ಕಿಕೊಂಡಿದ್ದರೆ ಹೆಕ್ಕಿ ತೆಗೆಯಬೇಕು. 2024ರ ಫೆಬ್ರವರಿಯಲ್ಲಿ ಹಕ್ಕಿಜ್ವರ ಅಂಟಾರ್ಕ್ಟಿಕಾದ ಮುಖ್ಯ ನೆಲವನ್ನು ಮುಟ್ಟಿದ್ದು ಖಚಿತವಾದ ಮೇಲಂತೂ ನೆಲದ ಮೇಲೆ ಕುಳಿತುಕೊಳ್ಳುವಂತಿಲ್ಲ, ಮಂಡಿಯೂರುವಂತಿಲ್ಲ, ಚೀಲ ಇಡುವಂತಿಲ್ಲ. ಗರ್ಭಗುಡಿಯ ಮಡಿಗಿಂತ ಇದು ಹೆಚ್ಚು. ನೂರು ಜನರಲ್ಲಿ ಈ ಮಡಿಯನ್ನು ಕಾಪಾಡಬಹುದು. ಜನ ಹೆಚ್ಚಿದಂತೆ ಅದು ಕಷ್ಟವೆಂಬುದನ್ನು ಜಾತ್ರೆ ಕಂಡ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಹಡಗು ಸಣ್ಣದಾಗಿದ್ದರೆ ಸಾಕೇ? ಸಾಲದು. ಸಣ್ಣತನವೂ ಇಂದು ಮಾರಾಟದ ಸರಕು. ನೂರಿನ್ನೂರು ಜನರ ಹಡಗಿನಲ್ಲೇ ಹೆಲಿಕಾಪ್ಟರು, ಜಲಾಂತರ್ಗಾಮಿ ಮೊದಲಾದ ಆಟಿಕೆಗಳನ್ನಿಟ್ಟುಕೊಂಡು ಧನಿಕರನ್ನು ಕರೆಯುವ ಕಂಪನಿಗಳುಂಟು. ಅವು ಸಣ್ಣವು, ನಿಜ, ಹಗುರವಲ್ಲ. ಆದ್ದರಿಂದ ಜನಸಂಖ್ಯೆಯನ್ನು ಕೇಳಿದ ಮೇಲೆ ಇನ್ನೂ ಕೆಲವನ್ನು ಕೇಳಬೇಕು. ಮಾರ್ಗದರ್ಶಕರು ಎಷ್ಟು ಜನ? ಅವರಲ್ಲಿ ಹಕ್ಕಿ, ತಿಮಿಂಗಿಲ, ಹಿಮನದಿಗಳನ್ನು ಓದಿದವರು ಯಾರು? ಹಡಗಿನ ಒಡಲು ಮಂಜುಗಡ್ಡೆಯನ್ನು ತಡೆಯುವಂತೆ ಕಟ್ಟಿದ್ದೇ? ವೈದ್ಯನಿದ್ದಾನೆಯೇ? ರೋಗಿಯನ್ನು ಅಲ್ಲಿಂದ ಹೊರಗೆ ತರುವ ವಿಮೆ ಎಷ್ಟು ಮೊತ್ತದ್ದಿರಬೇಕು? ಗಾಳಿ ಎದ್ದರೆ ಇಳಿಯುವ ಸ್ಥಳವನ್ನು ಬಿಟ್ಟುಕೊಡುವ ಅಧಿಕಾರ ಕಪ್ತಾನನಿಗೆ ಇದೆಯೇ, ಅಥವಾ ವೇಳಾಪಟ್ಟಿಯೇ ಅವನ ಕಪ್ತಾನನೇ? ಇಂಥಿಂಥ ದಿನ ಇಂಥಿಂಥ ಸ್ಥಳವನ್ನು ತೋರಿಸಿಯೇ ತೀರುತ್ತೇವೆಂದು ಮಾತು ಕೊಡುವ ಕಂಪನಿಯನ್ನು ನಾನಂತೂ ನಂಬಲಾರೆ. ಅಲ್ಲಿ ಮಾತು ಕೊಡುವ ಹಕ್ಕು ಹವೆಗೆ ಮಾತ್ರ.

ಇವು ಅತಿ ಎಚ್ಚರದ ಪ್ರಶ್ನೆಗಳಲ್ಲ. ಮೇಲೆ ಹೇಳಿದ ಪುಟ್ಟ ಕೆಂಪು ಹಡಗಿನ ಗತಿಯೇ ಇದಕ್ಕೆ ಸಾಕ್ಷಿ. ಮುಂದೆ ‘ಎಕ್ಸ್‌ಪ್ಲೋರರ್’ ಎಂಬ ಹೆಸರಿನಿಂದ ಓಡಾಡುತ್ತಿದ್ದ ಅದು 2007ರ ನವೆಂಬರ್ 23ರಂದು ಕಿಂಗ್ ಜಾರ್ಜ್ ದ್ವೀಪದ ಹತ್ತಿರ ಮಂಜುಗಡ್ಡೆಗೆ ತಾಗಿ, ನೀರು ನುಗ್ಗಿ, ಮುಳುಗಿತು. ಅದರಲ್ಲಿದ್ದ 154 ಜನ ತೆರೆದ ದೋಣಿಗಳಲ್ಲಿ ಚಳಿಯಲ್ಲಿ ನಡುಗುತ್ತ ಗಂಟೆಗಟ್ಟಲೆ ಕಾದರು. ನಾರ್ವೆಯ ‘ನೂರ್ಡ್‌ನೂರ್ಗೆ’ ಎಂಬ ಹಡಗು ಬಂದು ಅಷ್ಟೂ ಜನರನ್ನು ಎತ್ತಿಕೊಂಡಿತು. ಒಬ್ಬರೂ ಸಾಯಲಿಲ್ಲ. ಜನ ಕಡಿಮೆಯಿದ್ದದ್ದೂ, ಸಮುದ್ರ ಶಾಂತವಾಗಿದ್ದದ್ದೂ, ಇನ್ನೊಂದು ಹಡಗು ಸಮೀಪದಲ್ಲಿದ್ದದ್ದೂ ಅವರನ್ನು ಉಳಿಸಿದವು. ಇದೇ ಸಾವಿರಾರು ಜನರ ಹಡಗಾಗಿದ್ದರೆ ಅವರನ್ನು ಎತ್ತಿಕೊಳ್ಳುವ ಹಡಗು ಯಾವುದಿತ್ತು? ಮುಂದೆ 2011ರಲ್ಲಿ ಆ ಸಮುದ್ರದಲ್ಲಿ ಗಟ್ಟಿಯಾದ ಡಾಂಬರಿನಂಥ ಭಾರತೈಲವನ್ನು ಉರಿಸುವುದನ್ನೂ ಒಯ್ಯುವುದನ್ನೂ ನಿಷೇಧಿಸಿದರು. 2017ರಲ್ಲಿ ಧ್ರುವಸಮುದ್ರದ ಹಡಗುಗಳಿಗೆಂದು ಪ್ರತ್ಯೇಕ ನಿಯಮಾವಳಿ ಬಂತು. ದೊಡ್ಡ ಹಡಗುಗಳಲ್ಲಿ ಅನೇಕವು ಅತ್ತ ತಲೆ ಹಾಕದಿರಲು ತೈಲದ ನಿಷೇಧವೇ ಒಂದು ಕಾರಣವಾಯಿತು.

ಸಣ್ಣ ಹಡಗಿನ ದೋಷವನ್ನೂ ಮುಚ್ಚಿಡಬಾರದು. ದಕ್ಷಿಣ ಅಮೆರಿಕದ ತುದಿಗೂ ಅಂಟಾರ್ಕ್ಟಿಕಾಕ್ಕೂ ನಡುವೆ ಡ್ರೇಕ್ ಜಲಸಂಧಿಯಿದೆ. ಅರ್ಜೆಂಟೀನದ ಉಷುವಾಯಾ ರೇವಿನಿಂದ ಹೊರಟ ಹಡಗು ಅದನ್ನು ದಾಟಲು ಹೋಗುವಾಗ ಎರಡು ದಿನ, ಬರುವಾಗ ಎರಡು ದಿನ. ಅಲ್ಲಿ ಅಲೆಗಳನ್ನು ತಡೆಯಲು ಎರಡೂ ಕಡೆ ನೆಲವಿಲ್ಲ. ಗಾಳಿ ಭೂಮಿಯನ್ನೇ ಸುತ್ತಿ ಬರುತ್ತದೆ. ಸಣ್ಣ ಹಡಗು ಅಲ್ಲಿ ತೊಟ್ಟಿಲಿನಂತೆ ತೂಗುತ್ತದೆ, ತಾಯಿಯ ಕೈಯ ನಯವಿಲ್ಲದೆ. ಹೊಟ್ಟೆ ತೊಳಸುವುದು ಹೆಚ್ಚಿನವರಿಗೆ ತಪ್ಪದು. ಮೇಲಾಗಿ, ಅಲುಗಾಡುವ ಏಣಿಯನ್ನಿಳಿದು ಅಲುಗಾಡುವ ದೋಣಿಗೆ ಕಾಲಿಡಬೇಕು. ಬೆಲೆಯೂ ಕಡಿಮೆಯಲ್ಲ; ಹತ್ತು ದಿನದ ಯಾತ್ರೆ ಐದಾರು ಸಾವಿರ ಡಾಲರುಗಳಿಗೆ ಕಡಿಮೆ ಸಿಕ್ಕುವುದು ಅಪರೂಪ, ಅಲ್ಲಿಯವರೆಗಿನ ವಿಮಾನದ ಖರ್ಚು ಬೇರೆ. ಹೊಟ್ಟೆಯೂ ಮಂಡಿಯೂ ಹಣವೂ ಮೂರೂ ಗಟ್ಟಿಯಾಗಿರಬೇಕು. ಮಾವನಿಗೆ ಮಂಡಿನೋವು ಬಂದು ಹಲವು ವರ್ಷಗಳಾದವು.

ಇದನ್ನೆಲ್ಲ ಹಾಸ್ಟೆಲಿನಲ್ಲಿ ಹೇಳಿದಾಗ ಅರ್ಥಶಾಸ್ತ್ರದ ಗೆಳೆಯನೊಬ್ಬ ಕೆರಳಿದ. “ದೊಡ್ಡ ಹಡಗು ಅಗ್ಗ. ಅದರಲ್ಲಿ ಸಾಮಾನ್ಯರೂ ಹೋಗಬಹುದು. ಸಣ್ಣ ಹಡಗೆಂದು ನೀನು ಬೋಧಿಸುವುದು ಶ್ರೀಮಂತರಿಗೆ ಮಾತ್ರ ಬಾಗಿಲು ತೆರೆದಂತಲ್ಲವೇ? ಬಡವನಿಗೆ ಪೆಂಗ್ವಿನ್ ಬೇಡವೇನೋ?” ಎಂದ. ಇದು ಹಗುರವಾಗಿ ತೆಗೆದುಹಾಕುವ ಪ್ರಶ್ನೆಯಲ್ಲ. ದೇವಸ್ಥಾನ, ಶಾಲೆ, ಕೆರೆಗಳ ವಿಷಯದಲ್ಲಿ ಬಾಗಿಲನ್ನು ಅಗಲವಾಗಿ ತೆರೆಯಬೇಕೆಂದು ಹೋರಾಡಿದ ನಾಡು ನಮ್ಮದು. ಆದರೆ ಸಾವಿರಾರು ಜನರ ಹಡಗು ಬಡವನಿಗೂ ಆ ನೆಲವನ್ನು ಕೊಡುವುದಿಲ್ಲ. ಕಿಟಕಿಯನ್ನು ಕೊಡುತ್ತದೆ, ಅದಕ್ಕೂ ಲಕ್ಷಗಟ್ಟಲೆ ಹಣ ತೆಗೆದುಕೊಳ್ಳುತ್ತದೆ. ಎಲ್ಲರಿಗೂ ಸಮಾನವಾಗಿ ಹಂಚಬೇಕಾದದ್ದು ಆ ನೆಲದ ಜ್ಞಾನ. ಅದು ಹಡಗಿನಿಂದ ಬರುವುದಕ್ಕಿಂತ ಒಳ್ಳೆಯ ಪಾಠದಿಂದ, ಒಳ್ಳೆಯ ಪುಸ್ತಕಾಲಯದಿಂದ, ಅಲ್ಲಿದ್ದು ಬಂದ ನಮ್ಮ ವಿಜ್ಞಾನಿಗಳ ಬಾಯಿಂದ ಬರುವುದು ಹೆಚ್ಚು. ನಮ್ಮ ಕಾಲೇಜಿಗೆ ಅಂಥವರೊಬ್ಬರನ್ನು ಕರೆಸಿ ಭಾಷಣ ಮಾಡಿಸಿದರೆ ನಮ್ಮೆಲ್ಲರಿಗೂ ಬಸ್ಸಿನ ಖರ್ಚೂ ಇಲ್ಲದೆ ಒಂದು ಯಾತ್ರೆಯಾದೀತು. ವಿದ್ಯಾರ್ಥಿ ಸಂಘದ ಕಾರ್ಯದರ್ಶಿಗಳು ಗಮನಿಸಬೇಕು.

ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ನಾನೇ ಎತ್ತುತ್ತೇನೆ. ಎಲ್ಲರೂ ಸಣ್ಣ ಹಡಗನ್ನೇ ಆರಿಸಿದರೆ ಹಡಗುಗಳ ಸಂಖ್ಯೆ ಬೆಳೆಯುತ್ತದೆ. ಒಂದೊಂದಕ್ಕೂ ಒಂದೊಂದು ಹೊಗೆಗೊಳವೆ. 2022ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ಅಲ್ಲಿನ ಹಿಮದ ಮೇಲೆ ಕೂರುವ ಮಸಿಯನ್ನು ಅಳೆದು, ಒಬ್ಬೊಬ್ಬ ಪ್ರವಾಸಿಯ ಪಾಲಿಗೆ ಸುಮಾರು 80 ಟನ್ನಿನಷ್ಟು ಹಿಮ ಬೇಗನೆ ಕರಗುವುದೆಂದು ಲೆಕ್ಕ ಹಾಕಿತು. ಮಸಿಗೆ ಸಣ್ಣ ಹಡಗು, ದೊಡ್ಡ ಹಡಗು ಎಂಬ ಭೇದವಿಲ್ಲ. ಒಂದು ವೇಳೆಗೆ ನೂರು ಜನ ಎಂಬ ಮಿತಿಯಿದೆ. ಒಂದು ಬೇಸಗೆಗೆ ಒಟ್ಟು ಎಷ್ಟು ಜನ ಎಂಬ ಮಿತಿಯನ್ನು ಒಪ್ಪಂದ ಹಾಕಿಲ್ಲ. 2024ರ ಮೇ ತಿಂಗಳಲ್ಲಿ ಒಪ್ಪಂದದ ರಾಷ್ಟ್ರಗಳ ನಲವತ್ತಾರನೆಯ ಸಭೆ ನಮ್ಮ ನೆರೆಯ ಕೊಚ್ಚಿಯಲ್ಲೇ ಸೇರಿದಾಗ ಪ್ರವಾಸೋದ್ಯಮಕ್ಕೆ ಸಮಗ್ರ ಚೌಕಟ್ಟನ್ನು ಹಾಕುವ ಚರ್ಚೆ ಅಲ್ಲಿ ನಡೆಯಿತು. ಒಟ್ಟು ಮಿತಿಯೊಂದನ್ನು ಹಾಕಬೇಕೆಂದೇ ನನ್ನ ಮತ. ಅಲ್ಲಿಯವರೆಗೆ, ಹೋಗುವವನು ಸಣ್ಣ ಹಡಗಿನಲ್ಲಿ ಹೋಗುವುದರಿಂದ ಪಾಪ ತೊಳೆದುಹೋಗುವುದಿಲ್ಲ, ಅಷ್ಟಿಷ್ಟು ಕಡಿಮೆಯಾಗುತ್ತದೆ ಅಷ್ಟೆ. ಜೀವಮಾನದಲ್ಲಿ ಒಮ್ಮೆ ಹೋಗಿ, ನೋಡಿದ್ದನ್ನು ನೂರು ಜನಕ್ಕೆ ಹೇಳಬಲ್ಲವನು ಹೋಗಲಿ. ಏಳು ಖಂಡಗಳಲ್ಲಿ ಏಳನೆಯದಕ್ಕೆ ಗುರುತು ಹಾಕಿಕೊಳ್ಳಲು ಹೋಗುವವನು ಮನೆಯಲ್ಲಿರುವುದೇ ಲೇಸು.

ಇದನ್ನೂ ಮಾವನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ನಂತರ, “ಮೂವತ್ತು ವರ್ಷ ಮಕ್ಕಳಿಗೆ ಆ ನೆಲವನ್ನು ಬೆತ್ತದಲ್ಲಿ ತೋರಿಸಿದೆ. ಒಮ್ಮೆ ಕಾಲಿನಲ್ಲಿ ಮುಟ್ಟಿ ಬಂದು ಮತ್ತೆ ಪಾಠ ಹೇಳುತ್ತೇನೆ. ಆ ಸಾಲ ಹೀಗೆ ತೀರಲಿ” ಎಂದರು. ನೂರಹದಿನಾರು ಜನರ ಹಳೆಯ ಹಡಗೊಂದರಲ್ಲಿ, ಮೂವರು ಮಲಗುವ ಕೋಣೆಯಲ್ಲಿ, ಕಿಟಕಿಯಿಲ್ಲದ ಮಂಚವೊಂದನ್ನು ಆರಿಸಿದರು. ಕಿಟಕಿಯ ಹಣ ಉಳಿಯಿತಷ್ಟೆ. ನೋಡುವುದು ದಡದಲ್ಲಿ ತಾನೆ, ಕೋಣೆಯಲ್ಲೇನು? ಮಂಡಿಗೆ ವೈದ್ಯರ ಅಪ್ಪಣೆ ಪಡೆದು, ಪ್ರತಿದಿನ ಬೆಳಗ್ಗೆ ಮನೆಯ ಹತ್ತಿರದ ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದಾರೆ. ಅಪ್ಪಣೆ ಹಿಂತೆಗೆದುಕೊಂಡರೆ ಹಣ ಹಿಂತಿರುಗುವ ಕರಾರನ್ನೂ ಓದಿಯೇ ಸಹಿ ಹಾಕಿದ್ದಾರೆ. ಬಂದ ಮೇಲೆ ತಾಲ್ಲೂಕಿನ ಶಾಲೆಗಳಲ್ಲಿ ಮಾತಾಡುವುದಾಗಿ ಈಗಲೇ ಮುಖ್ಯೋಪಾಧ್ಯಾಯರುಗಳಿಗೆ ಕಾಗದ ಬರೆದಿಟ್ಟಿದ್ದಾರೆ. ಅವರು ಹೋಗುವುದು ಸರಿಯೆಂದೇ ನನಗೆ ತೋರುತ್ತದೆ. ಬೇರೆಯವರಿಗೆ ಬೇರೆ ತೋರಬಹುದು. ಅಂಥವರ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಓದಲು ನಾನು ಸಿದ್ಧ.

ಕೊನೆಗೆ, ಅಂಟಾರ್ಕ್ಟಿಕಾವನ್ನು ಎಂದೂ ಕಾಣದ ನಮ್ಮಂಥ ಬಹುಮಂದಿಗೆ ಒಂದು ಮಾತು. ನಮಗೂ ಪ್ರವಾಸಗಳುಂಟು. ವರ್ಷಕ್ಕೊಮ್ಮೆ ಕಾಲೇಜಿನಿಂದ ಎರಡು ಬಸ್ಸು ತುಂಬ ಹೊರಡುತ್ತೇವೆ. ರಂಗನತಿಟ್ಟಿನಲ್ಲಿ ಹುಟ್ಟುಹಾಕುವ ದೋಣಿ ಕೊಕ್ಕರೆಗಳ ಗೂಡಿರುವ ಮರಗಳ ಹತ್ತಿರ ಸರಿದಾಗ ಹಾಡು ಹೇಳಿ ಚಪ್ಪಾಳೆ ತಟ್ಟುವವರು ನಮ್ಮಲ್ಲೇ ಇದ್ದಾರೆ. ಅವರ ಹೆಸರನ್ನು ಬರೆದರೆ ಸಂಪಾದಕರು ಅಚ್ಚು ಹಾಕುವುದಿಲ್ಲ. ಆ ಹಕ್ಕಿಗಳಿಗೂ ಬಾಣಂತನವುಂಟು. ಅಲ್ಲಿಯೂ ದೋಣಿಗೆ ಎಷ್ಟು ಜನ, ಎಷ್ಟು ದೂರ, ಎಷ್ಟು ಸದ್ದು ಎಂದು ಕೇಳಬಹುದು. ಮುಂದಿನ ವರ್ಷದ ಪ್ರವಾಸವನ್ನು ಗೊತ್ತುಮಾಡುವ ಸಮಿತಿ ಬಾಡಿಗೆ ಎಷ್ಟು, ಊಟ ಎಲ್ಲಿ ಎಂಬ ಎರಡು ಪ್ರಶ್ನೆಗಳ ಜೊತೆಗೆ ಈ ಮೂರನೆಯದನ್ನೂ ಸೇರಿಸಿಕೊಳ್ಳಲಿ. ಎರಡು ಬಸ್ಸಿನ ಜನ ಒಂದೇ ದಿನ ಒಂದೇ ಕಡೆ ಇಳಿಯುವ ಬದಲು ಎರಡು ದಿನ ಬೇರೆ ಬೇರೆಯಾಗಿ ಹೋದರೆ ಖರ್ಚು ಅಷ್ಟೇ. ಹಕ್ಕಿಗಳಿಗೆ ನೆಮ್ಮದಿ, ನಮಗೆ ನೋಟ. ಉಪನ್ಯಾಸಕರಿಗೆ ಮಾತ್ರ ಎರಡು ದಿನದ ಶ್ರಮ. ಅವರು ಅದಕ್ಕೆ ಒಪ್ಪಿಯಾರೆಂದು ನಂಬಿ ಈ ಲೇಖನವನ್ನು ಮುಗಿಸುತ್ತೇನೆ.